ದಂಡನಾಯಕನ ಮೇಲೆ ಕಣ್ಣು, ಗಡಿಗೆ ಬೆನ್ನು

2012ರ ಜನವರಿ 16ರ ರಾತ್ರಿ ಹರಿಯಾಣದ ಹಿಸ್ಸಾರಿನಿಂದ ಯಾಂತ್ರೀಕೃತ ಪದಾತಿ ದಳದ ಒಂದು ತುಕಡಿಯೂ ಆಗ್ರಾದಿಂದ ಪ್ಯಾರಾಚೂಟ್ ಬ್ರಿಗೇಡಿನ ಇನ್ನೊಂದು ತುಕಡಿಯೂ ರಾಜಧಾನಿಯ ದಿಕ್ಕಿಗೆ ಹೊರಟವು. ಉತ್ತರ ಭಾರತದಲ್ಲಿ ಅದು ಮಂಜು ಮುಸುಕುವ ಕಾಲ. ಅಂದೇ ಆಗಿನ ಸೇನಾ ಮುಖ್ಯಸ್ಥರು ತಮ್ಮ ಜನ್ಮದಿನಾಂಕದ ವಿವಾದವನ್ನು ಸುಪ್ರೀಂ ಕೋರ್ಟಿಗೆ ಒಯ್ದಿದ್ದರು. ತುಕಡಿಗಳನ್ನು ವಾಪಸು ಕಳುಹಿಸಲಾಯಿತು. ಏಪ್ರಿಲ್ 4ರಂದು ದೆಹಲಿಯ ಆಂಗ್ಲ ದೈನಿಕವೊಂದು ಈ ಸಂಗತಿಯನ್ನು ಮುಖಪುಟದಲ್ಲಿ ಪ್ರಕಟಿಸಿದಾಗ ದೇಶವೆಲ್ಲ ಬೆಚ್ಚಿತು. ಮಂಜಿನಲ್ಲಿ ಪಡೆಗಳು ಎಷ್ಟು ಬೇಗ ಚಲಿಸಬಲ್ಲವು ಎಂದು ಪರೀಕ್ಷಿಸುವ ವಾಡಿಕೆಯ ಅಭ್ಯಾಸ ಅದಾಗಿತ್ತು ಎಂದು ಸೇನೆ ವಿವರಿಸಿತು. ಪ್ರಧಾನಿ ಮನಮೋಹನ್ ಸಿಂಗ್ ಮತ್ತು ರಕ್ಷಣಾ ಸಚಿವ ಎ.ಕೆ. ಆಂಟನಿ ಇಬ್ಬರೂ ಶಂಕೆಯನ್ನು ತಳ್ಳಿಹಾಕಿದರು. ಆದರೂ ಪಿಸುಮಾತು ನಿಲ್ಲಲಿಲ್ಲ. ಒಂದು ದಿನಾಂಕ, ಒಂದು ದಿಕ್ಕು, ಒಂದಿಷ್ಟು ಮೌನ. ಸಂಚಿನ ಕತೆಯೊಂದನ್ನು ಹೆಣೆಯಲು ಇಷ್ಟು ನೂಲು ಧಾರಾಳವಾಗಿ ಸಾಕು.

ಸೈನಿಕರು ತರಬೇತಿಗೆಂದು ಹೊರಟರೂ ಆಳುವವರ ಎದೆ ಡವಗುಟ್ಟುವ ಈ ರೋಗ ನಮ್ಮ ಗಣರಾಜ್ಯಕ್ಕೆ ಹೊಸದೇನೂ ಅಲ್ಲ. ಅದರ ಮೊದಲ ಮತ್ತು ಅತ್ಯಂತ ದುಬಾರಿ ಪ್ರಕರಣದ ನಡುವೆ ನಿಂತವರು ನಮ್ಮ ನಾಡಿನವರೇ ಆದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಅವರು ಕಣ್ಮುಚ್ಚಿ ಆರು ದಶಕಗಳು ಕಳೆದಿವೆ. ವೀರಯೋಧರೆಂದು ಅವರನ್ನು ನಾವು ಮರೆತಿಲ್ಲ. ಆದರೆ ಅವರ ಅಧಿಕಾರಾವಧಿಯ ಮೇಲೆ ಕವಿದಿದ್ದ ಗುಮಾನಿಯಿಂದ ದೇಶ ಏನನ್ನು ಕಳೆದುಕೊಂಡಿತು ಎಂಬುದನ್ನು ನೆನೆಯುವವರು ಕಡಿಮೆ.

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆತನದಲ್ಲಿ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪನವರೂ ಇದೇ ಕೊಡಂದೇರ ಒಕ್ಕದವರು. ಕೂನೂರಿನ ಸೇಂಟ್ ಜೋಸೆಫ್ಸ್ ಮತ್ತು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗಳಲ್ಲಿ ಓದಿದ ಬಾಲಕ, 1922ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಸೈನಿಕ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನಾದ. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿ. 1926ರ ಫೆಬ್ರುವರಿಯಲ್ಲಿ ಅಧಿಕಾರಿಯಾಗಿ ನೇಮಕ. ಕೆಲಕಾಲ ಬ್ರಿಟಿಷ್ ಪಲ್ಟಣವೊಂದರಲ್ಲಿದ್ದು, ಬಳಿಕ ಬಾಗ್ದಾದಿನಲ್ಲಿ ಬೀಡುಬಿಟ್ಟಿದ್ದ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಲ್ಟಣವನ್ನು ಸೇರಿದರು. ಮುಂದೆ ಕುಮಾವೂ ರೆಜಿಮೆಂಟ್ ಎಂದು ಹೆಸರು ಬದಲಿಸಿಕೊಂಡದ್ದು ಇದೇ.

ಆ ಕಾಲದ ಭಾರತೀಯ ಅಧಿಕಾರಿಗಳ ಮನಸ್ಸಿನಲ್ಲಿ ಒಂದು ತೊಳಲಾಟ ಇದ್ದೇ ಇತ್ತು. ಊರಿನಲ್ಲಿ ಜನ ಸ್ವಾತಂತ್ರ್ಯಕ್ಕಾಗಿ ಜೈಲು ಸೇರುತ್ತಿರುವಾಗ ತಾವು ದೊರೆಯ ಸಮವಸ್ತ್ರ ತೊಟ್ಟು ನಿಲ್ಲುವುದು ಸರಿಯೇ ಎಂಬ ತೊಳಲಾಟ. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯ ಈ ಪ್ರಶ್ನೆಯನ್ನು ಮೋತಿಲಾಲ್ ನೆಹರೂ ಅವರ ಮುಂದಿಟ್ಟರೆಂದೂ, ಸ್ವತಂತ್ರ ದೇಶಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುತ್ತಾರೆ, ರಾಜೀನಾಮೆ ಕೊಡಬೇಡಿ ಎಂಬ ಸಲಹೆ ಆ ಹಿರಿಯರಿಂದ ಬಂತೆಂದೂ ಅವರ ಜೀವನಚರಿತ್ರೆ ತಿಳಿಸುತ್ತದೆ. ತಂದೆಯ ಮಾತಿನಂತೆ ಸೇನೆಯಲ್ಲೇ ಉಳಿದ ಆ ಯುವಕನನ್ನು, ಮೂರು ದಶಕಗಳ ನಂತರ, ಮಗನ ಸರ್ಕಾರವೇ ಅನುಮಾನದಿಂದ ನೋಡಿದ್ದು ಇತಿಹಾಸದ ವ್ಯಂಗ್ಯ.

1935ರಲ್ಲಿ ನೀನಾ ಕಾರ್ಯಪ್ಪ ಅವರೊಂದಿಗೆ ಮದುವೆ. ಅದೇ ವರ್ಷ ಕ್ವೆಟ್ಟಾ ನಗರವನ್ನು ಭೂಕಂಪ ನೆಲಸಮ ಮಾಡಿದಾಗ ನವದಂಪತಿ ಅಲ್ಲಿಯೇ ಇದ್ದು ಪರಿಹಾರ ಕಾರ್ಯದಲ್ಲಿ ತೊಡಗಿದರು. ಎರಡನೆಯ ಮಹಾಯುದ್ಧ ಅವರನ್ನು ಬರ್ಮಾದ ಅರಾಕಾನಿಗೆ ಕರೆದೊಯ್ದಿತು. 1945ರ ಜನವರಿಯ ಕಾಂಗಾವ್ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ಪಲ್ಟಣಗಳನ್ನು ಮೂವರು ಭಾರತೀಯರು ಮುನ್ನಡೆಸಿದರು. ಅವರು ತಿಮ್ಮಯ್ಯ, ಎಲ್.ಪಿ. ಸೇನ್ ಮತ್ತು ಮಹಾರಾಷ್ಟ್ರದ ಎಸ್.ಪಿ.ಪಿ. ಥೋರಟ್. ಮೂವರಿಗೂ ಶೌರ್ಯಪದಕ ಲಭಿಸಿತು. ಕೆಲವೇ ತಿಂಗಳಲ್ಲಿ ತಿಮ್ಮಯ್ಯ, ಯುದ್ಧಭೂಮಿಯಲ್ಲಿ ಬ್ರಿಗೇಡೊಂದನ್ನು ಮುನ್ನಡೆಸಿದ ಮೊದಲ ಭಾರತೀಯರೆನಿಸಿದರು. ಥೋರಟ್ ಅವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಈ ಕತೆಯಲ್ಲಿ ಅವರು ಮತ್ತೆ ಬರುತ್ತಾರೆ.

ಆ ಯುದ್ಧದಲ್ಲಿ ತಿಮ್ಮಯ್ಯನವರ ಸಹೋದರ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಅಣ್ಣತಮ್ಮಂದಿರು ಎದುರುಬದುರು ಪಾಳೆಯದಲ್ಲಿದ್ದ ಕಾಲವದು. ಇನ್ನೊಬ್ಬ ಸಹೋದರ ಸೋಮಯ್ಯ ಮುಂದೆ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಪ್ರಾಣ ತೆತ್ತರು. ದೇಶನಿಷ್ಠೆಯ ಪರೀಕ್ಷೆಯನ್ನು ಒಂದೇ ಮನೆಯ ಮೂವರು ಮೂರು ಬಗೆಯಲ್ಲಿ ಎದುರಿಸಿದ್ದರು. ಇಂಥ ಮನೆಯಿಂದ ಬಂದವರ ನಿಷ್ಠೆಯನ್ನು ಪಿಸುಮಾತಿನ ತಕ್ಕಡಿಯಲ್ಲಿ ತೂಗುವ ದಿನ ಬರಬಹುದೆಂದು ಆಗ ಯಾರೂ ಎಣಿಸಿರಲಿಲ್ಲ.

1947ರಲ್ಲಿ ದೇಶ ಹೋಳಾದಾಗ ಅವರು ಪಂಜಾಬಿನ ಗಡಿ ಪಡೆಯಲ್ಲಿ ಸಲಹೆಗಾರರಾಗಿದ್ದರು. ಹನ್ನೊಂದು ವರ್ಷಗಳ ಬಳಿಕ ಪಾಕಿಸ್ತಾನದ ಸರ್ವಾಧಿಕಾರಿಯಾದ ಅಯೂಬ್ ಖಾನ್ ಕೂಡ ಅದೇ ಪಡೆಯ ಸಲಹೆಗಾರರಲ್ಲೊಬ್ಬರು. 1948ರಲ್ಲಿ ಕಾಶ್ಮೀರದ ಡಿವಿಜನ್ನಿನ ಹೊಣೆ ತಿಮ್ಮಯ್ಯನವರ ಹೆಗಲೇರಿತು. ಲಡಾಖಿನ ದಾರಿ ಕಾಯುವ ಜೋಜಿಲಾ ಕಣಿವೆಮಾರ್ಗವನ್ನು ಶತ್ರುಗಳು ಹಿಡಿದು ಕೂತಿದ್ದರು. ಹನ್ನೊಂದು ಸಾವಿರ ಅಡಿಗೂ ಮಿಕ್ಕ ಆ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಬಹುದೆಂದು ಯಾರೂ ನಂಬುತ್ತಿರಲಿಲ್ಲ. ತಿಮ್ಮಯ್ಯ ಹತ್ತಿಸಿದರು. ಟ್ಯಾಂಕುಗಳ ಗೋಪುರ ಕಳಚಿ, ಗುರುತು ಸಿಗದಂತೆ ಮರೆಮಾಡಿ, ದುರ್ಬಲ ಸೇತುವೆಗಳನ್ನು ದಾಟಿಸಿ ಗುಟ್ಟಾಗಿ ಸಾಗಿಸಲಾಯಿತು. ನವೆಂಬರ್ 1ರಂದು ಹಿಮದ ನಡುವೆ ಅವು ಗುಡುಗಿದಾಗ ಎದುರಾಳಿಗಳು ದಿಕ್ಕೆಟ್ಟರು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ಡಿವಿಜನ್ನಿನ ದಂಡನಾಯಕರೇ ಇದ್ದರು.

ಈ ಪ್ರಸಂಗದಲ್ಲೊಂದು ಪಾಠವಿದೆ. ಪಡೆಗಳ ಗುಟ್ಟಿನ ಚಲನೆ ಸೈನ್ಯದ ಕಸುಬಿನ ಭಾಗ. ರಾತ್ರಿಯ ಪ್ರಯಾಣ, ಮರೆಮಾಚಿದ ವಾಹನ, ಹೇಳದ ಗುರಿ ಇವೆಲ್ಲ ಸಂಚಿನ ಲಕ್ಷಣಗಳಲ್ಲ, ತರಬೇತಿಯ ಲಕ್ಷಣಗಳು. ಸಂಚಿನ ಕತೆ ಹುಟ್ಟುವುದು ಕೂಡ ಇಲ್ಲಿಯೇ. ಕಸುಬಿನ ಅಗತ್ಯವಾದ ಗೋಪ್ಯತೆಯೇ ಶಂಕಿಸುವವರ ಕಣ್ಣಿಗೆ ಸಾಕ್ಷ್ಯವಾಗಿ ಕಾಣುತ್ತದೆ.

ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ ತಿಮ್ಮಯ್ಯನವರಿಗೆ ಒದಗಿದ ಹೊಣೆ ಇನ್ನೂ ಸೂಕ್ಷ್ಮವಾದದ್ದು. ತಾಯ್ನಾಡಿಗೆ ಮರಳಲು ಒಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯ ನಿರ್ಧರಿಸುವ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಥೋರಟ್ ಮುಖ್ಯಸ್ಥರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಆದ್ದರಿಂದ ನಮ್ಮ ಸೈನಿಕರನ್ನು ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಎರಡೂ ಬಣಗಳು ಭಾರತವನ್ನು ಶಂಕಿಸಿದವು. ತಿಮ್ಮಯ್ಯ ತಾಳ್ಮೆಯಿಂದ ಆ ಕೆಲಸ ಮುಗಿಸಿ ಹೆಸರು ಗಳಿಸಿದರು. 1954ರಲ್ಲಿ ಪದ್ಮಭೂಷಣ ಗೌರವ ಬಂತು. 1957ರ ಮೇ ತಿಂಗಳಲ್ಲಿ, ಇಬ್ಬರು ಹಿರಿಯರನ್ನು ದಾಟಿ, ಅವರು ಭೂಸೇನೆಯ ಮುಖ್ಯಸ್ಥರಾದರು.

ಅದಕ್ಕೆ ಒಂದು ತಿಂಗಳ ಮುಂಚೆ ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದರು. ಮೆನನ್ ಅಪ್ರತಿಮ ಬುದ್ಧಿವಂತರು, ದೇಶಕ್ಕೆ ಸ್ವಂತ ಶಸ್ತ್ರಾಸ್ತ್ರ ಉದ್ಯಮ ಬೇಕೆಂದು ದುಡಿದವರು, ಪ್ರಧಾನಿ ನೆಹರೂ ಅವರಿಗೆ ಅತ್ಯಂತ ಆಪ್ತರು. ಆದರೆ ಮಾತು ಮೊನಚು, ತಾಳ್ಮೆ ಕಡಿಮೆ. ಸೇನೆಯ ಹಿರಿಯರನ್ನು ಬದಿಗಿಟ್ಟು ಕಿರಿಯರೊಂದಿಗೆ ನೇರ ವ್ಯವಹರಿಸುವ ಅಭ್ಯಾಸ ಅವರದು. ಅಂಥ ಕಿರಿಯರಲ್ಲಿ ಪ್ರಮುಖರು ಬಿ.ಎಂ. ಕೌಲ್. ಅಂಬಾಲಾದಲ್ಲಿ ಡಿವಿಜನ್ನಿನ ಮುಖ್ಯಸ್ಥರಾಗಿದ್ದಾಗ ಕೌಲ್ ಸೈನಿಕರಿಂದಲೇ ವಸತಿಗೃಹಗಳನ್ನು ಕಟ್ಟಿಸಿ ರಾಜಕಾರಣಿಗಳ ಮೆಚ್ಚುಗೆ ಗಳಿಸಿದ್ದರು. ಯುದ್ಧದ ಅಭ್ಯಾಸ ಮಾಡಬೇಕಿದ್ದ ತಿಂಗಳುಗಳಲ್ಲಿ ಸೈನಿಕರು ಇಟ್ಟಿಗೆ ಹೊತ್ತರು. ಅದೇ ಡಿವಿಜನ್ ಮುಂದೆ ಈಶಾನ್ಯ ಗಡಿಯ ರಕ್ಷಣೆಗೆ ಹೋಯಿತೆಂಬುದನ್ನು ಗಮನಿಸಬೇಕು.

ಸೇನೆಯ ಬಗೆಗಿನ ಭಯ ಆಗ ನಿರಾಧಾರವಾಗಿತ್ತೆಂದು ಹೇಳುವುದು ನ್ಯಾಯವಲ್ಲ. 1958ರ ಜುಲೈನಲ್ಲಿ ಇರಾಕಿನ ದೊರೆಯನ್ನು ಸೈನಿಕರು ಕೊಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬರ್ಮಾದ ಆಡಳಿತ ಜನರಲ್ ನೆ ವಿನ್ ಕೈಗೆ ಹೋಯಿತು. ಅದೇ ತಿಂಗಳು ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಹಿಡಿದರು. ಅಯೂಬ್ ತಿಮ್ಮಯ್ಯನವರಂತೆಯೇ ಸ್ಯಾಂಡ್‌ಹರ್ಸ್ಟಿನಲ್ಲಿ ಪಳಗಿದವರು, ಒಂದೇ ಪರಂಪರೆಯ ಸೇನೆಯಿಂದ ಬಂದವರು. ನೆರೆಮನೆಗೆ ಬೆಂಕಿ ಬಿದ್ದಾಗ ನಮ್ಮ ಸೂರಿನ ಕಡೆ ನೋಡಿಕೊಳ್ಳುವುದು ಸಹಜ.

ನವಭಾರತದ ನಾಯಕರು ಈ ಅಪಾಯವನ್ನು ಮೊದಲೇ ಊಹಿಸಿದ್ದರು. ಬ್ರಿಟಿಷ್ ಮಹಾದಂಡನಾಯಕರ ನಿವಾಸವಾಗಿದ್ದ ತೀನ್ ಮೂರ್ತಿ ಭವನ ಪ್ರಧಾನಿಯ ಮನೆಯಾಯಿತು. 1955ರಲ್ಲಿ ಮಹಾದಂಡನಾಯಕ ಎಂಬ ಹುದ್ದೆಯೇ ಹೋಗಿ ಮೂರು ಪಡೆಗಳಿಗೂ ಸಮಾನ ಮುಖ್ಯಸ್ಥರು ಬಂದರು. ಚುನಾಯಿತ ಸರ್ಕಾರವೇ ಹಿರಿದು, ಬಂದೂಕು ಅದರ ಆಜ್ಞಾಧಾರಕ ಎಂಬ ತತ್ವ ಹೀಗೆ ಭದ್ರವಾಯಿತು. ಇಂದು ನಾವು ಅನುಭವಿಸುತ್ತಿರುವ ಪ್ರಜಾಪ್ರಭುತ್ವ ಅದರ ಫಲ. ಆದರೆ ತತ್ವವನ್ನು ಕಾಯುವುದು ಒಂದು, ವ್ಯಕ್ತಿಯನ್ನು ಶಂಕಿಸುವುದು ಇನ್ನೊಂದು. 1958ರ ನಂತರ ದೆಹಲಿಯ ಸೌಧಗಳಲ್ಲಿ ಈ ಗೆರೆ ಅಳಿಸತೊಡಗಿತು. ಸೈನಿಕರ ಪ್ರೀತಿಗೆ ಪಾತ್ರರಾಗಿದ್ದ, ಜನಪ್ರಿಯರಾಗಿದ್ದ, ಬಿಚ್ಚುಮಾತಿನ ತಿಮ್ಮಯ್ಯ ಇನ್ನೊಬ್ಬ ಅಯೂಬ್ ಆಗಬಹುದೆಂಬ ಗುಸುಗುಸು ಹಬ್ಬಿತು. ಅವರ ಜನಪ್ರಿಯತೆಯೇ ಅವರ ಮೇಲಿನ ಆರೋಪಪಟ್ಟಿಯಾಯಿತು.

1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್‌ಜುವಿನಲ್ಲಿ ಚೀನೀ ಸೈನಿಕರು ನಮ್ಮ ಠಾಣೆಯ ಮೇಲೆ ಗುಂಡು ಹಾರಿಸಿದರು. ಅದೇ ವಾರ ಸಚಿವರ ಮತ್ತು ಸೇನಾ ಮುಖ್ಯಸ್ಥರ ಜಗಳ ಸ್ಫೋಟಿಸಿತು. ಬಡ್ತಿಗಳಲ್ಲಿ ಹಸ್ತಕ್ಷೇಪ, ಕೌಲ್ ಅವರನ್ನು ಮೇಲೇರಿಸಿದ ರೀತಿ, ಗಡಿಯ ಬಗೆಗಿನ ಎಚ್ಚರಿಕೆಗಳ ಉಪೇಕ್ಷೆ ಹೀಗೆ ಅಸಮಾಧಾನಕ್ಕೆ ಕಾರಣಗಳು ಹಲವು. ತಿಮ್ಮಯ್ಯ ತಮ್ಮ ಅಳಲನ್ನು ನೆಹರೂ ಬಳಿ ತೋಡಿಕೊಂಡರು. ಅದು ಮೆನನ್ನರಿಗೆ ತಿಳಿದು ಅವರು ಸಿಡಿದರು. ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಪತ್ರ ಕಳುಹಿಸಿದರು. ಅಂದೇ ಸಂಜೆ ನೆಹರೂ ಕರೆಸಿಕೊಂಡು ಮನವೊಲಿಸಿದರು. ಪತ್ರ ವಾಪಸಾಯಿತು.

ಆದರೆ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬಂದಿತ್ತು. ಸಂಸತ್ತು ಕುದಿಯಿತು. ಸೆಪ್ಟೆಂಬರ್ 2ರಂದು ಪ್ರಧಾನಿ ಸದನದಲ್ಲಿ ಮಾತನಾಡುತ್ತ, ನಾಗರಿಕ ಅಧಿಕಾರವೇ ಸದಾ ಮೇಲು ಎಂದು ಸಾರಿದರು. ವಿವಾದದ ಕಾರಣಗಳು ಕ್ಷುಲ್ಲಕವೆಂದೂ ಸ್ವಭಾವಗಳ ಘರ್ಷಣೆಯೆಂದೂ ತಳ್ಳಿಹಾಕಿದರು. ಎರಡು ದಿನಗಳ ಹಿಂದೆ ಮನವೊಲಿಸಿಕೊಂಡವರನ್ನೇ ಸಾರ್ವಜನಿಕವಾಗಿ ಆಕ್ಷೇಪಿಸಿದಂತಾಯಿತು. ತಿಮ್ಮಯ್ಯ ಬಾಯಿ ಬಿಡಲಿಲ್ಲ. ರಾಜೀನಾಮೆ ಕೊಟ್ಟಿದ್ದು ತಪ್ಪೇ, ಹಿಂಪಡೆದದ್ದು ತಪ್ಪೇ ಎಂಬ ಚರ್ಚೆ ಇಂದಿಗೂ ನಡೆದಿದೆ. ಹಿಂಪಡೆದದ್ದೇ ಅವರ ದೊಡ್ಡ ತಪ್ಪೆಂದು ಈ ಲೇಖಕನ ಅಭಿಪ್ರಾಯ. ಹೊರನಡೆದಿದ್ದರೆ ದೇಶ ಕಾರಣಗಳನ್ನು ಕೇಳುತ್ತಿತ್ತು. ಉಳಿದುಕೊಂಡದ್ದರಿಂದ ಅವರ ಮಾತಿನ ತೂಕ ಇಳಿಯಿತು, ಅನುಮಾನ ಮಾತ್ರ ಉಳಿಯಿತು. ಆದರೂ ಒಂದು ಸತ್ಯ ಎದ್ದು ಕಾಣುತ್ತದೆ. ಕ್ಷಿಪ್ರಕ್ರಾಂತಿ ಮಾಡುವವನು ರಾಜೀನಾಮೆ ಪತ್ರ ಬರೆಯುವುದಿಲ್ಲ. ಅಧಿಕಾರ ಕಿತ್ತುಕೊಳ್ಳಲು ಹೊರಟವನು ಪ್ರಧಾನಿಯ ಒಂದು ಮಾತಿಗೆ ಮಣಿದು ಕಚೇರಿಗೆ ಮರಳುವುದಿಲ್ಲ.

ಆ ಅಕ್ಟೋಬರಿನಲ್ಲಿ ಲಡಾಖಿನ ಕೊಂಗ್ಕಾ ಕಣಿವೆಯಲ್ಲಿ ನಮ್ಮ ಪೊಲೀಸರು ಚೀನೀಯರ ಗುಂಡಿಗೆ ಬಲಿಯಾದರು. ಈಶಾನ್ಯ ಗಡಿ ಪ್ರದೇಶದ ರಕ್ಷಣೆಯನ್ನು ಸೇನೆಗೆ ವಹಿಸಲಾಯಿತು. ಅದು ಬರುತ್ತಿದ್ದದ್ದು ಲಖನೌದಲ್ಲಿ ಕೇಂದ್ರವಿದ್ದ ಪೂರ್ವ ಕಮಾಂಡಿನ ವ್ಯಾಪ್ತಿಗೆ. ಕಮಾಂಡಿನ ಮುಖ್ಯಸ್ಥರು ಬೇರಾರೂ ಅಲ್ಲ, ಕಾಂಗಾವ್ ಮತ್ತು ಕೊರಿಯಾದ ಒಡನಾಡಿ ಥೋರಟ್. ಅವರು ಗಡಿಯ ಸ್ಥಿತಿಯನ್ನು ಅಭ್ಯಸಿಸಿ ಒಂದು ವರದಿ ಸಿದ್ಧಪಡಿಸಿದರು. ಚೀನಾ ದಾಳಿ ಮಾಡುವ ಸಾಧ್ಯತೆಯಿದೆ. ರಸ್ತೆಯಿಲ್ಲದ ಗಡಿಯಂಚಿನಲ್ಲಿ ದೊಡ್ಡ ಪಡೆಯನ್ನು ಪೋಷಿಸಲಾಗದು. ಆದ್ದರಿಂದ ಅಂಚಿನಲ್ಲಿ ಸಣ್ಣ ಕಾವಲು ಠಾಣೆಗಳನ್ನಷ್ಟೇ ಇಟ್ಟು, ಮುಖ್ಯ ರಕ್ಷಣೆಯನ್ನು ಬೊಮ್ಡಿಲಾದಂಥ ಒಳಗಿನ ನೆಲೆಗಳಲ್ಲಿ ಕಟ್ಟಬೇಕು. ಇದು ವರದಿಯ ಸಾರ. ತಿಮ್ಮಯ್ಯ ಅದನ್ನು ಒಪ್ಪಿ ಸಚಿವರಿಗೆ ಕಳುಹಿಸಿದರು. ಮೆನನ್ ಅದನ್ನು ಭೀತಿವಾದವೆಂದು ಬದಿಗಿಟ್ಟರು.

1960ರ ಮಾರ್ಚಿನಲ್ಲಿ ಲಖನೌದಲ್ಲಿ ಥೋರಟ್ ಒಂದು ಸಮರಾಭ್ಯಾಸ ನಡೆಸಿದರು. ಅದಕ್ಕಿಟ್ಟ ಹೆಸರು ಲಾಲ್ ಕಿಲಾ, ಅಂದರೆ ಕೆಂಪು ಕೋಟೆ. ತಿಮ್ಮಯ್ಯ ಮತ್ತು ಸೇನೆಯ ಹಿರಿಯ ಅಧಿಕಾರಿಗಳು ಹಾಜರಿದ್ದರು. ಚೀನಾ ಹೇಗೆ ಬರಬಹುದು, ಎಲ್ಲಿ ನುಗ್ಗಬಹುದು, ಇರುವ ಬಲದಲ್ಲಿ ನಾವು ಎಷ್ಟು ತಡೆಯಬಲ್ಲೆವು ಎಂಬುದನ್ನು ಒರೆಹಚ್ಚುವುದು ಉದ್ದೇಶ. ಅಂದಿನ ಬಲದಿಂದ ಗಡಿಯನ್ನು ಕಾಯಲಾಗದು, ಇನ್ನಷ್ಟು ಪಡೆ ಬೇಕು, ರಸ್ತೆ ಬೇಕು, ಸಾಮಗ್ರಿ ಬೇಕು ಎಂಬ ಉತ್ತರ ಬಂತು. ಸಮರಾಭ್ಯಾಸವೆಂದರೆ ದೇಶ ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಕನ್ನಡಿ. ಲಖನೌ ಹಿಡಿದ ಆ ಕನ್ನಡಿಯಲ್ಲಿ ಇಣುಕುವ ವ್ಯವಧಾನ ದೆಹಲಿಗೆ ಇರಲಿಲ್ಲ. ಜನರಲ್‌ಗಳು ಏನು ಕಂಡುಕೊಂಡರು ಎಂಬುದಕ್ಕಿಂತ, ಜನರಲ್‌ಗಳು ಏನು ಬಯಸುತ್ತಿದ್ದಾರೆ ಎಂಬ ಪ್ರಶ್ನೆಯೇ ಅಲ್ಲಿ ದೊಡ್ಡದಾಗಿತ್ತು.

ವೇದಾಂತಿಗಳು ಹೇಳುವ ಹಗ್ಗ ಮತ್ತು ಹಾವಿನ ದೃಷ್ಟಾಂತ ನಮಗೆಲ್ಲ ಗೊತ್ತು. ಮಬ್ಬುಗತ್ತಲಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಹೆದರುವ ಮನುಷ್ಯ ನಗೆಪಾಟಲಾಗುತ್ತಾನೆ, ಅಷ್ಟೆ. ಆದರೆ ಹಗ್ಗದ ಮೇಲೇ ಕಣ್ಣು ನೆಟ್ಟು ನಿಂತವನ ಬೆನ್ನ ಹಿಂದೆ ನಿಜವಾದ ಹಾವೇ ಬಂದರೆ ಆಗುವುದು ನಗೆಪಾಟಲಲ್ಲ, ಅನಾಹುತ. 1960ರಿಂದ 1962ರವರೆಗೆ ನಮ್ಮ ದೇಶದಲ್ಲಿ ನಡೆದದ್ದು ಅದು.

1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. ತಮ್ಮ ನಂತರ ಥೋರಟ್ ಬರಲೆಂಬುದು ಅವರ ಶಿಫಾರಸು. ಸರ್ಕಾರ ಪಿ.ಎನ್. ಥಾಪರ್ ಅವರನ್ನು ಆರಿಸಿತು. ಥೋರಟ್ ಕೂಡ ನಿವೃತ್ತರಾಗಿ ಮನೆಗೆ ನಡೆದರು. ಕೌಲ್ ಸೇನಾ ಕೇಂದ್ರದಲ್ಲಿ ಜನರಲ್ ಸ್ಟಾಫ್ ಮುಖ್ಯಸ್ಥರಾದರು. ವೆಲ್ಲಿಂಗ್ಟನ್ ಸ್ಟಾಫ್ ಕಾಲೇಜಿನ ಮುಖ್ಯಸ್ಥರಾಗಿದ್ದ ಸ್ಯಾಮ್ ಮಾಣೆಕ್ ಷಾ ಅವರ ಮೇಲೆ ನಿಷ್ಠೆಯಿಲ್ಲದವರೆಂಬ ಆರೋಪ ಹೊರಿಸಿ ವಿಚಾರಣೆ ನಡೆಸಲಾಯಿತು. ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್ ನೇತೃತ್ವದ ವಿಚಾರಣಾ ಮಂಡಳಿ ಅವರನ್ನು ನಿರ್ದೋಷಿಯೆಂದು ಸಾರಿತು. ಹತ್ತು ವರ್ಷಗಳ ಬಳಿಕ ಬಾಂಗ್ಲಾ ಯುದ್ಧವನ್ನು ಗೆದ್ದುಕೊಟ್ಟವರು ಇದೇ ಮಾಣೆಕ್ ಷಾ. ಆದರೆ ಆ ವಿಚಾರಣೆಯ ಸಂದೇಶ ಸೇನೆಯ ಪ್ರತಿ ಅಧಿಕಾರಿಯ ಕಿವಿಗೂ ಮುಟ್ಟಿತ್ತು. ಭಿನ್ನಮತ ಹೇಳಿದವನಿಗೆ ವಿಚಾರಣೆ, ಹೂಂಗುಟ್ಟಿದವನಿಗೆ ಬಡ್ತಿ. ಸತ್ಯ ಹೇಳುವ ನಾಲಗೆಗಳು ಒಂದೊಂದಾಗಿ ಸುಮ್ಮನಾದವು.

1961ರ ನವೆಂಬರಿನಲ್ಲಿ, ಥೋರಟ್ ಯೋಜನೆಗೆ ತದ್ವಿರುದ್ಧವಾಗಿ, ಗಡಿಯಂಚಿನವರೆಗೂ ಸಣ್ಣಸಣ್ಣ ಠಾಣೆಗಳನ್ನು ಹೂಡುವ ಮುನ್ನಡೆ ನೀತಿ ಜಾರಿಗೆ ಬಂತು. ಠಾಣೆಗಳ ಬೆನ್ನಿಗೆ ರಸ್ತೆಯಿರಲಿಲ್ಲ, ಫಿರಂಗಿಯಿರಲಿಲ್ಲ, ಚಳಿಗೆ ತಕ್ಕ ಉಡುಪೂ ಇರಲಿಲ್ಲ. ನಿವೃತ್ತ ತಿಮ್ಮಯ್ಯ 1962ರ ಜುಲೈನಲ್ಲಿ ದೆಹಲಿಯ ಸೆಮಿನಾರ್ ಮಾಸಪತ್ರಿಕೆಗೆ ಒಂದು ಲೇಖನ ಬರೆದರು. ಭಾರತ ಒಂಟಿಯಾಗಿ ಚೀನಾದೊಂದಿಗೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಕಲ್ಪಿಸಿಕೊಳ್ಳಲಾರೆನೆಂದೂ, ದೇಶದ ಭದ್ರತೆಯನ್ನು ರಾಜಕಾರಣಿಗಳು ಮತ್ತು ರಾಜತಾಂತ್ರಿಕರೇ ನೋಡಿಕೊಳ್ಳಬೇಕೆಂದೂ ಅದರ ತಾತ್ಪರ್ಯ. ಯುದ್ಧಕೋರನೆಂದು ಶಂಕಿಸಲ್ಪಟ್ಟ ಜನರಲ್ ಸಂಧಾನದ ಮಾತಾಡುತ್ತಿದ್ದರು. ಶಾಂತಿದೂತರೆನಿಸಿಕೊಂಡ ಸರ್ಕಾರ ಸಿದ್ಧತೆಯಿಲ್ಲದೆ ಠಾಣೆ ಹೂಡುತ್ತಿತ್ತು.

ನಾಲ್ಕು ತಿಂಗಳೊಳಗೆ, ಅಕ್ಟೋಬರ್ 20ರಂದು, ಚೀನಾ ನುಗ್ಗಿತು. ಒಂದು ತಿಂಗಳ ಯುದ್ಧದಲ್ಲಿ ಸಾವಿರಾರು ಸೈನಿಕರು ಸತ್ತರು, ಕಾಣೆಯಾದರು, ಸೆರೆಯಾದರು. ನವೆಂಬರಿನಲ್ಲಿ ಸೇಲಾ, ಬೊಮ್ಡಿಲಾಗಳು ಬಿದ್ದವು. ಮೆನನ್, ಥಾಪರ್, ಕೌಲ್ ಮೂವರೂ ನಿರ್ಗಮಿಸಿದರು. ಥೋರಟ್ ತಮ್ಮ ಆತ್ಮಕತೆಯಲ್ಲಿ ನೆನೆದಿರುವಂತೆ, ಯುದ್ಧದ ನಡುವೆ ಅವರನ್ನು ಕರೆಸಿಕೊಂಡ ನೆಹರೂ ಅವರಿಗೆ ಆ ಹಳೆಯ ವರದಿಯ ವಿಚಾರ ಆವರೆಗೆ ಮುಟ್ಟಿಯೇ ಇರಲಿಲ್ಲ. ಥೋರಟ್ ಯೋಜನೆಯನ್ನು ಒಪ್ಪಿದ್ದರೆ ಸೋಲು ತಪ್ಪುತ್ತಿತ್ತೆಂದು ಖಡಾಖಂಡಿತವಾಗಿ ಹೇಳಲಾಗದು. ಬಡ ದೇಶದ ಬೊಕ್ಕಸದಲ್ಲಿ ಹಣವೂ ಇರಲಿಲ್ಲ. ಆದರೆ ಕಣ್ಣು ತೆರೆದು ಎದುರಿಸುವ ಆಪತ್ತಿಗೂ ಕಣ್ಣು ಮುಚ್ಚಿಕೊಂಡು ಬೀಳುವ ಹಳ್ಳಕ್ಕೂ ವ್ಯತ್ಯಾಸವಿದೆ.

ಸೋಲಿನ ಬಳಿಕ ಸರ್ಕಾರ ತಿಮ್ಮಯ್ಯ ಮತ್ತು ಥೋರಟ್ ಇಬ್ಬರನ್ನೂ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಕರೆಯಿತು. ಹಾಗೆಂದು ಶಂಕೆಯ ಚಾಳಿ ಅಲ್ಲಿಗೇ ಮುಗಿಯಲಿಲ್ಲ. 1964ರ ಮೇ 27ರಂದು ನೆಹರೂ ತೀರಿಕೊಂಡಾಗ, ಗಾಂಧೀಜಿಯ ಅಂತ್ಯಯಾತ್ರೆಯ ನೂಕುನುಗ್ಗಲನ್ನು ನೆನೆದ ಸೇನಾ ಮುಖ್ಯಸ್ಥ ಜೆ.ಎನ್. ಚೌಧುರಿ, ಜನಸಂದಣಿ ನಿಯಂತ್ರಿಸಲು ಹೆಚ್ಚುವರಿ ಸೈನಿಕರನ್ನು ದೆಹಲಿಗೆ ಕರೆಸಿದರು. ಅದಕ್ಕೂ ಅವರು ವಿವರಣೆ ಕೊಡಬೇಕಾಯಿತು. ಮುಂದಿನ ವರ್ಷ ಪಾಕಿಸ್ತಾನದ ವಿರುದ್ಧ ಸೇನೆಯನ್ನು ಮುನ್ನಡೆಸಿದವರು ಇದೇ ಚೌಧುರಿ.

ತಿಮ್ಮಯ್ಯನವರ ಕೊನೆಯ ಹೊಣೆ ಮತ್ತೆ ಶಾಂತಿಪಾಲನೆಯದೇ ಆಗಿತ್ತು. 1964ರ ಜುಲೈನಲ್ಲಿ ಅವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾದರು. ಗ್ರೀಕರು ಮತ್ತು ತುರ್ಕರು ಒಬ್ಬರನ್ನೊಬ್ಬರು ನಂಬದೆ ಬಡಿದಾಡುತ್ತಿದ್ದ ಆ ದ್ವೀಪದಲ್ಲಿ ಎರಡೂ ಕಡೆಯವರ ವಿಶ್ವಾಸ ಗಳಿಸಿದರು. 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಅಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಮಣ್ಣುಮಾಡಲಾಯಿತು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಪರದೇಶದವರು ಕೊಟ್ಟ ನಂಬಿಕೆಯನ್ನು ಸ್ವದೇಶದ ರಾಜಧಾನಿ ಅವರಿಗೆ ಪೂರ್ತಿಯಾಗಿ ಕೊಟ್ಟಿರಲಿಲ್ಲ.

ಸೇನೆಯ ಅಭ್ಯಾಸವನ್ನು ಸಂಚೆಂದು ಭ್ರಮಿಸುವ ಚಾಳಿ ನಮ್ಮೊಬ್ಬರದೇ ಅಲ್ಲ. 2015ರಲ್ಲಿ ಅಮೆರಿಕದ ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿ ಜೇಡ್ ಹೆಲ್ಮ್ ಎಂಬ ಸಮರಾಭ್ಯಾಸ ನಡೆಯಲಿದ್ದಾಗ, ಕೇಂದ್ರ ಸರ್ಕಾರ ರಾಜ್ಯವನ್ನೇ ವಶಪಡಿಸಿಕೊಳ್ಳಲಿದೆ ಎಂಬ ಹುಯಿಲೆದ್ದಿತು. ಅಲ್ಲಿನ ರಾಜ್ಯಪಾಲರು ರಾಜ್ಯದ ರಕ್ಷಕ ಪಡೆಗೆ ಸ್ವಂತ ದೇಶದ ಸೇನೆಯ ಮೇಲೆ ನಿಗಾ ಇಡಲು ಆಜ್ಞೆಯಿತ್ತರು. ಅಭ್ಯಾಸ ಮುಗಿಯಿತು, ಸೈನಿಕರು ಶಿಬಿರಗಳಿಗೆ ಮರಳಿದರು, ಯಾವ ವಶವೂ ಆಗಲಿಲ್ಲ. ವದಂತಿಗೆ ಬಡ್ಡಿ ಕಟ್ಟುವವರೇ ಬೇರೆ. ಹಬ್ಬಿಸಿದವರು ಎಂದೂ ಕಟ್ಟುವುದಿಲ್ಲ.

ಹಾಗಾದರೆ ಸೇನೆಯನ್ನು ಪ್ರಶ್ನಿಸಲೇಬಾರದೇ? ಖಂಡಿತ ಪ್ರಶ್ನಿಸಬೇಕು. ಅದರ ಖರ್ಚು, ಸಿದ್ಧತೆ, ತಪ್ಪುಗಳು ಎಲ್ಲವೂ ಸಂಸತ್ತಿನ ಮುಂದೆ ಬರಬೇಕು. ರಾಜಧಾನಿಯ 'ಬಳಿ ಪಡೆಗಳು ಚಲಿಸುವಾಗ ಸರ್ಕಾರಕ್ಕೆ ಮೊದಲೇ ತಿಳಿಸುವುದು ಸೇನೆಯ ಕರ್ತವ್ಯ. ಆದರೆ ಪ್ರಶ್ನೆಗೆ ಉತ್ತರವಿದೆ, ಗುಮಾನಿಗೆ ಇಲ್ಲ. ಪ್ರಶ್ನೆ ಕಡತದಲ್ಲಿ ದಾಖಲಾಗುತ್ತದೆ, ಗುಮಾನಿ ಕಿವಿಯಿಂದ ಕಿವಿಗೆ ಹರಿಯುತ್ತದೆ. ಸಚಿವ ಮತ್ತು ದಂಡನಾಯಕ ಮುಖಾಮುಖಿ ಕೂತು ಮಾತಾಡುವ ರೂಢಿಯಿದ್ದಲ್ಲಿ ಸಂಚಿನ ಕತೆಗೆ ನೆಲೆ ಸಿಗದು. ಆ ಮಾತುಕತೆ ನಿಂತಲ್ಲಿ ಮಂಜಿನ ರಾತ್ರಿಯ ಒಂದು ಅಭ್ಯಾಸವೂ ದೇಶದ ನಿದ್ದೆ ಕೆಡಿಸುತ್ತದೆ.

ತಿಮ್ಮಯ್ಯ ಬಾಲ್ಯ ಕಳೆದ ಮಡಿಕೇರಿಯ ಸನ್ನಿಸೈಡ್ ಮನೆ ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. 2021ರ ಫೆಬ್ರುವರಿ 6ರಂದು ಅದನ್ನು ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಕೊಡಗಿಗೆ ಹೋದವರು ಅಲ್ಲಿಗೊಮ್ಮೆ ಭೇಟಿ ಕೊಡಬೇಕು. ಜೋಜಿಲಾದ ಸಾಹಸವನ್ನು ನೆನೆಯುವಾಗ, ಲಖನೌದ ಆ ಅಭ್ಯಾಸವನ್ನೂ ನೆನೆಯಬೇಕು. ಟ್ಯಾಂಕು ಏರಿದ ಜನರಲ್‌ಗೆ ನಾವು ಚಪ್ಪಾಳೆ ತಟ್ಟಿದೆವು. ಅಪಾಯವಿದೆಯೆಂದು ಎಚ್ಚರಿಸಿದ ಜನರಲ್‌ನ ಮಾತನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಅದರ ಬೆಲೆಯನ್ನು ತೆತ್ತವರು ದೆಹಲಿಯಲ್ಲಿ ಪಿಸುಗುಟ್ಟಿದವರಲ್ಲ, ಹಿಮದಲ್ಲಿ ತೆಳು ಉಡುಪು ತೊಟ್ಟು ನಿಂತಿದ್ದ ಸಾಮಾನ್ಯ ಸೈನಿಕರು.